ಅವ್ವನ ಮಲ್ಲಿಗೆಗೆ ಸಕ್ಕರೆ ನೀರು

ನಮ್ಮ ಎಸ್.ಎಸ್. ಬಡಾವಣೆಯಾಗೆ ಬೆಳಗ್ಗೆ ವಾಕಿಂಗ್ ಹೊಂಟ್ರೆ ಕಿವಿಗೆ ಬೀಳಾದು ಒಂದೇ ಮಾತು: "ನಿಮ್ದು ಶುಗರ್ ಎಷ್ಟೈತ್ರೀ?" ನಂಗೂ ಮಾತ್ರೆ ಶುರುವಾಗಿ ನಾಕು ವರ್ಷ ಆತು. ಸಕ್ಕರೆ ಡಬ್ಬಿ ಕಂಡ್ರೆ ದೂರ ಸರಿಯೋಳು ನಾನು. ಅಂಥಾಕಿ ಹೋದ ವರ್ಷ ಗಿಡಕ್ಕೆ ಸಕ್ಕರೆ ನೀರು ಹಾಕಿ ಮಾಡ್ಕೊಂಡ ಎಡವಟ್ಟು ಹೇಳ್ತೀನಿ, ಕೇಳ್ರಿ.

ನನ್ನ ತವರು ಹರಿಹರದ ಹತ್ರ. ಅವ್ವ ಹೋದಮೇಲೆ ತಮ್ಮ ಮನೆ ಮಾರಾಕೆ ನಿಂತ. ನಾನು ಸಹಿ ಹಾಕಿದೆ. ಜಗಳ ಆಡ್ಲಿಲ್ಲ, ಆದ್ರೆ ಆಮೇಲೆ ಅವನ ಜೊತೆ ಸರಿಯಾಗಿ ಮಾತೂ ಆಡ್ಲಿಲ್ಲ. ಹಿತ್ತಲಾಗೆ ಬಚ್ಚಲ ನೀರು ಹರಿಯೋ ಕಡೆ ಅವ್ವ ಹಚ್ಚಿದ ದುಂಡುಮಲ್ಲಿಗೆ ಇತ್ತು. ನನ್ನ ಮದುವೆ ದಂಡೆಗೂ ಅದೇ ಹೂವು. ಹನ್ನೆರಡು ಕಡ್ಡಿ ಕೊಯ್ಕೊಂಡು, ಒದ್ದೆ ಬಟ್ಟೆಯಾಗೆ ಸುತ್ತಿ ಬಸ್ ಹತ್ತಿದೆ.

ಮನೆಗೆ ಬಂದು ಎಲೆ ಒಂದೂ ಬಿಡದಂಗೆ ತೆಗೆದು ಕುಂಡದಾಗೆ ಊರಿದೆ. ಸಕ್ಕರೆ ನೀರು ಹಾಕಿದ್ರೆ ಲಗೂನ ಬೇರು ಬಿಡ್ತಾವೆ ಅಂತ ಮೊಬೈಲ್‌ನಾಗೆ ನೋಡಿದ್ದೆ. ದಿನಾ ಒಂದು ಲೋಟ ಹಾಕಿದೆ. ನಾಕನೇ ದಿನಕ್ಕೆ ಇರುವೆ ಸಾಲು. ವಾರಕ್ಕೆ ಮಣ್ಣಿನ ಮೇಲೆ ಬಿಳಿ ಬೂಷ್ಟು. ಹದಿನೈದು ದಿನಕ್ಕೆ ಎಲ್ಲಾ ಕಡ್ಡಿ ಬುಡ ಕರ್ರಗಾಗಿ ಕೈಗೇ ಬಂದ್ವು. ಅವತ್ತು ಅತ್ತಷ್ಟು ಅವ್ವನ ತಿಥಿ ದಿನಾನೂ ಅತ್ತಿರ್ಲಿಲ್ಲ.

ಕೃಷಿ ಓದೋ ಮಗಳು ರಜಕ್ಕೆ ಬಂದಾಗ ನೋಡಿ ನಕ್ಕಳು. "ಸಕ್ಕರೆ ಬೇಕು ಅನ್ನಾದು ಖರೆ ಅಮ್ಮ. ಆದ್ರೆ ನೀನು ಗಿಡಕ್ಕೆ ಕೊಡ್ಲಿಲ್ಲ, ಬೂಷ್ಟಿಗೆ ಕೊಟ್ಟೆ" ಅಂದ್ಲು.

ಅಂಗಾಂಶ ಕೃಷಿ ಬಾಳೆ ಸಸಿ ನೋಡಿದೀವಲ್ಲ, ಅವು ಮೊದಲು ಬಾಟ್ಲಿಯಾಗೆ ಬೆಳೀತಾವೆ. 1962ರಾಗೆ ಅಮೆರಿಕದ ಮುರಾಶಿಗೆ ಮತ್ತು ಸ್ಕೂಗ್ ತಂಬಾಕಿನ ಜೀವಕೋಶ ಬೆಳೆಸಾಕೆ ಒಂದು ಪಾಕ ಮಾಡಿದ್ರಂತೆ. ಲವಣ, ವಿಟಮಿನ್ ಜೊತೆಗೆ ಲೀಟರಿಗೆ 30 ಗ್ರಾಂ ಸಕ್ಕರೆ. ಇವತ್ತಿಗೂ ಲ್ಯಾಬಿನಾಗೆ ಅದೇ ಅಳತೆ ನಡೀತದೆ. ಆದ್ರೆ ಆ ಬಾಟ್ಲಿ, ಪಾಕ ಎಲ್ಲಾ ಕುಕ್ಕರಿನಂಥದ್ರಾಗೆ ಬೇಯಿಸಿ ಒಂದು ಕ್ರಿಮೀನೂ ಇಲ್ಲದಂಗೆ ಮಾಡಿರ್ತಾರೆ. ನಮ್ಮ ಕುಂಡದ ಮಣ್ಣು ಹಂಗಲ್ಲ. ಸಕ್ಕರೆ ಬಿದ್ರೆ ಬೂಷ್ಟೇ ಮೊದಲು ಪಂಕ್ತಿಗೆ ಕೂರ್ತದೆ.

"ಗಿಡಕ್ಕೆ ಸಕ್ಕರೆ ಊಟ ಅಷ್ಟೇ ಅಲ್ಲ, ಸುದ್ದೀನೂ ಹೌದು" ಅಂದ್ಲು. ಜೀವಕೋಶದಾಗೆ ಟಾರ್ ಅಂತ ಒಂದು ಪ್ರೋಟೀನ್. ಸಕ್ಕರೆ ಸಾಕಷ್ಟೈತಿ ಅಂತ ಗೊತ್ತಾದ್ರೆ ಅದು "ಬೆಳೀರಿ, ಒಂದು ಎರಡಾಗ್ರಿ" ಅಂತದೆ. ಸ್ನಾರ್ಕ್-1 ಅಂತ ಇನ್ನೊಂದು. ಸಕ್ಕರೆ ಕಮ್ಮಿ ಆದ್ರೆ ಅದು "ತಡೀರಿ, ಇರಾದನ್ನ ಉಳಿಸ್ಕೊಳ್ರಿ" ಅಂತದೆ. ನಾನಂದೆ, "ನಮ್ಮನೆ ಸೊಸೆ-ಅತ್ತೆ ಕಥೆನೇ ಬಿಡು." ನಾವೂ ಅಕ್ಕಿ ಡಬ್ಬಿ ಮುಚ್ಚಳ ತೆಗೆದು ನೋಡೇ ಅಲ್ವಾ ನಂಟರನ್ನ ಊಟಕ್ಕೆ ಕರೆಯಾದು?

ಕೊಯ್ದ ಕಡ್ಡಿಗೆ ಬೇರಿಲ್ಲ. ತುದಿಗಿರೋ ಎಲೆ ಬೆಳಕಿನಾಗೆ ಸಕ್ಕರೆ ಮಾಡಿ ಕೆಳಗೆ ಕಳಿಸ್ತದೆ. ಅದು ಕೊಯ್ದ ಜಾಗದಾಗೆ ಕೂಡ್ಕೊಂಡ್ರೆ, ಆಕ್ಸಿನ್ ಅನ್ನೋ ಹಾರ್ಮೋನೂ ಸೇರಿ ಹೊಸ ಬೇರು ಕಟ್ತಾವೆ. "ನೀನು ಎಲ್ಲಾ ಎಲೆ ಕಿತ್ತು ಅಡುಗೆಮನೆನೇ ಮುಚ್ಚಿಬಿಟ್ಟೆ" ಅಂದ್ಲು.

ಸೋಮವಾರ ಜೆಸಿಬಿ ಬರ್ತದೆ ಅಂತ ಗೊತ್ತಾತು. ಭಾನುವಾರ ಮತ್ತೆ ಹೋದೆ. ಈ ಸಲ ಆರು ಕಡ್ಡಿ. ಮೇಲೆ ಎರಡೆರಡು ಎಲೆ ಬಿಟ್ಟೆ, ದೊಡ್ಡವನ್ನ ಅರ್ಧಕ್ಕೆ ಕತ್ತರಿಸಿದೆ. ಮರಳು ಬೆರೆಸಿದ ಮಣ್ಣು, ಬರೀ ನೀರು, ಮೇಲೆ ಪ್ಲಾಸ್ಟಿಕ್ ಚೀಲ, ಬೆಳಕಿರೋ ನೆರಳಾಗೆ ಇಟ್ಟೆ. ನಾಕು ಹೋದ್ವು, ಎರಡು ಹಿಡಿದ್ವು.

ಅದ್ರಾಗೆ ಒಂದು ಕೋಲಿನಂಗೆ ಉದ್ದಕ್ಕೆ ಹೋತು. ಮಗಳು ಫೋನ್ ಮಾಡಿ "ತುದಿ ಚಿವುಟು" ಅಂದ್ಲು. ಬದುಕಿ ಉಳಿದದ್ದನ್ನ ಚಿವುಟಾಕೆ ಕೈ ಬರ್ಲಿಲ್ಲ. ತುದಿಯಿಂದ ಇಳಿಯೋ ಆಕ್ಸಿನ್ನೇ ಪಕ್ಕದ ಮೊಗ್ಗನ್ನ ತಡೀತದೆ ಅಂತ ಮೊದ್ಲು ಹೇಳ್ತಿದ್ರಂತೆ. 2014ರಾಗೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದೋರು ಬಟಾಣಿ ಗಿಡ ಚಿವುಟಿ ನೋಡಿದ್ರೆ, ಕೆಳಗಿನ ಮೊಗ್ಗಿನ ಹತ್ರ ಆಕ್ಸಿನ್ ಕಮ್ಮಿ ಆಗೋಕೆ ಮೊದ್ಲೇ ಅದು ಎದ್ದಿತ್ತು. ತುದಿ ಎಳ್ಕೊಂತಿದ್ದ ಸಕ್ಕರೆ ಅಷ್ಟೊತ್ತಿಗೆ ಅಲ್ಲಿಗೆ ಹರಿದಿತ್ತು.

ಕಣ್ಣು ಮುಚ್ಕೊಂಡು ಚಿವುಟಿದೆ. ಕೆಲವೇ ದಿನದಾಗೆ ಎರಡೂ ಪಕ್ಕ ಅಕ್ಕಿಕಾಳಿನಷ್ಟು ಚಿಗುರು.

ಈ ಬ್ಯಾಸಿಗಿಗೆ ಹೂವು ಬಿಡ್ತು. ತಮ್ಮ ಬಂದಿದ್ದ. ಕುಂಡದ ಮುಂದೆ ಸುಮಾರೊತ್ತು ನಿಂತು, "ಅಕ್ಕಾ, ನಂಗೊಂದು ಕಡ್ಡಿ ಕೊಡ್ತೀಯಾ?" ಅಂದ. ಕಡ್ಡಿ ಯಾಕೆ, ಬೇರು ಬಿಟ್ಟಿದ್ದ ಎರಡನೇ ಕುಂಡಾನೇ ಕೊಟ್ಟು ಕಳಿಸ್ದೆ. ಕಾಫಿ ಕುಡ್ಕೊಂಡು ಹೋದ. ಅವನ ಕಾಫಿಗೆ ಎರಡು ಚಮಚ ಸಕ್ಕರೆ, ಅವ್ವ ಹಾಕ್ತಿದ್ದಂಗೆ.

ಮಳೆಗಾಲ ಹಿಡೀತಿದ್ದಂಗೆ ಬರ್ರಿ, ನಿಮಗೂ ಕೊಯ್ದು ಕೊಡ್ತೀನಿ. ಎಲೆ ಮಾತ್ರ ಪೂರ್ತಿ ಕೀಳಬ್ಯಾಡ್ರಿ.