ಮೊದಲು ಬೆಂಕಿ, ಆಮೇಲೆ ಗ್ಯಾಸ್

ಜಾತ್ರೆ, ಮದುವೆ ವರದಿಗೆ ಹೋದಾಗ ನಾನು ವೇದಿಕೆಗಿಂತ ಮೊದಲು ಅಡುಗೆಯ ಶಾಮಿಯಾನಕ್ಕೆ ಹೋಗುತ್ತೇನೆ. ಅಲ್ಲಿ ದೊಡ್ಡ ಗ್ಯಾಸ್ ಒಲೆಗಳನ್ನು ಹೇಗೆ ಹೊತ್ತಿಸುತ್ತಾರೆ ಎಂದು ನೋಡುವುದು ನನಗೆ ರೂಢಿ.

ಅವಘಡವಾದರೆ ಸುದ್ದಿಯಲ್ಲಿ ‘ಸಿಲಿಂಡರ್ ಸ್ಫೋಟ’ ಎಂದೇ ಬರುತ್ತದೆ. ಎಷ್ಟೋ ಸಲ ಸಿಲಿಂಡರ್ ಒಡೆದೇ ಇರುವುದಿಲ್ಲ. ಗಾಳಿ ಬೀಸಿ ಬೆಂಕಿ ಆರಿರುತ್ತದೆ, ಗ್ಯಾಸ್ ಮಾತ್ರ ಬರುತ್ತಲೇ ಇರುತ್ತದೆ. ಅದು ಗಾಳಿಗಿಂತ ಭಾರ, ನೆಲ ಹಿಡಿದು ತಗ್ಗಿನಲ್ಲಿ ಕೂರುತ್ತದೆ. ಆಗ ಒಂದು ಕಡ್ಡಿ ಗೀರಿದರೆ ಸಾಕು. ಸುಡುವುದು ಅಡುಗೆಯವರ ಕೈ, ಮುಖ.

ಲೈಟರ್ ಇದ್ದರೆ ಭಯವಿಲ್ಲ ಎನ್ನುವವರಿದ್ದಾರೆ. ಲೈಟರ್ ಕಿಡಿ ಕೊಡುತ್ತದೆ, ಕಾವಲು ಕಾಯುವುದಿಲ್ಲ. ಕಾಯುವುದು ಥರ್ಮೋಕಪಲ್ ಇರುವ ವಾಲ್ವ್. ಬರ್ನರ್ ಪಕ್ಕದ ಆ ಸಣ್ಣ ಕಡ್ಡಿಗೆ ಬಿಸಿ ತಗುಲುತ್ತಿರುವಷ್ಟು ಹೊತ್ತು ಗ್ಯಾಸ್ ಬಿಡುತ್ತದೆ. ಬೆಂಕಿ ಆರಿ ಅದು ತಣ್ಣಗಾದರೆ ವಾಲ್ವ್ ತಾನೇ ಮುಚ್ಚಿಕೊಳ್ಳುತ್ತದೆ. ಬಾಡಿಗೆಗೆ ಒಲೆ ತರುವಾಗ ಇದನ್ನು ಕೇಳಿ.

ಯಾವ ಒಲೆಯಾದರೂ ಮೊದಲು ಬೆಂಕಿ ಹಿಡಿಯಿರಿ, ಆಮೇಲೆ ನಾಬ್ ತಿರುಗಿಸಿ. ಆರಿದರೆ ಸಿಲಿಂಡರ್ ವಾಲ್ವ್ ಮುಚ್ಚಿ, ಪಕ್ಕದ ಒಲೆಗಳನ್ನೂ ಆರಿಸಿ, ವಾಸನೆ ಹೋಗುವ ತನಕ ಕಡ್ಡಿ ಗೀರಬೇಡಿ. ಸೋರಿಕೆ ನಿಲ್ಲದಿದ್ದರೆ ದೂರ ಸರಿದು 1906ಕ್ಕೆ ಕರೆ ಮಾಡಿ. ಊಟ ಅರ್ಧ ಗಂಟೆ ತಡವಾದರೆ ಯಾರೂ ಉಪವಾಸ ಬೀಳುವುದಿಲ್ಲ.