ಅಚ್ಚಾದದ್ದೆಲ್ಲ ನಿಜವೇ?

ಲಿಂಗಂಪಲ್ಲಿಯ ನಮ್ಮ ಮನೆಯ ಮೂಲೆಯಲ್ಲಿ ಪಿಕ್ಚರ್ ಟ್ಯೂಬಿನ ಹಳೆಯ ಕಲರ್ ಟೀವಿಯೊಂದು ಬಹುಕಾಲದಿಂದ ಮೌನವ್ರತ ಹಿಡಿದಿತ್ತು. ಚಪ್ಪಟೆ ಟೀವಿ ಗೋಡೆಯನ್ನೇರಿದ ಮೇಲೆ ಇದರ ನೆತ್ತಿಯ ಮೇಲೆ ಹೂದಾನಿ ಬಂದು ಕೂತಿತು. “ಏನ್ರೀ, ಇದನ್ನ ಗುಜರಿಯವನಿಗೆ ಕೊಟ್ಟಬಿಡ್ರಿ” ಎಂಬ ಮನೆಯಾಕೆಯ ಅಹವಾಲು ವಾರಕ್ಕೊಮ್ಮೆ ತಪ್ಪದೆ ಬರುತ್ತಿತ್ತು.

ಬೇಸಗೆಯ ರಜೆಯಲ್ಲಿ ಮೊಮ್ಮಗ ಸಜ್ಜದ ಮೇಲಿಂದ ತನ್ನ ಅಪ್ಪನ ಕಾಲದ ವಿಡಿಯೋ ಗೇಮನ್ನು ಇಳಿಸಿದ. ಜೊತೆಗೆ ಬಾತುಕೋಳಿ ಹೊಡೆಯುವ ಪ್ಲಾಸ್ಟಿಕ್ ಪಿಸ್ತೂಲು. ಹೊಸ ಟೀವಿಗೆ ಜೋಡಿಸಿದರೆ ಒಂದು ಕೋಳಿಯೂ ಬೀಳಲೊಲ್ಲದು. ಪರದೆ ಮಿನುಗುವ ಕ್ಷಣವನ್ನು ನೋಡಿ ಗುರಿ ತಿಳಿಯುವ ಪಿಸ್ತೂಲು ಅದು. ಹೊಸ ಪರದೆಯಲ್ಲಿ ಚಿತ್ರ ಕೊಂಚ ತಡವಾಗಿ ಮೂಡುತ್ತದೆ. ಹಳೆಯದೇ ಬೇಕು!

ಹಳೆಯದನ್ನು ಹಚ್ಚಿದರೆ ನಟ್ಟನಡುವೆ ಒಂದೇ ಬೆಳ್ಳನೆಯ ಗೆರೆ. ಸೆಕೆಂಡಿಗೆ 50 ಸಲ ಕಿರಣವನ್ನು ಮೇಲಿಂದ ಕೆಳಕ್ಕೆ ಎಳೆಯುವ ಭಾಗ ಕೆಟ್ಟರೆ ಚಿತ್ರವೆಲ್ಲ ಹೀಗೆ ಗೆರೆಯಾಗುತ್ತದೆ. ವಯಸ್ಸಿನಲ್ಲಿ ರೇಡಿಯೋ ರಿಪೇರಿ ಕಲಿತ ಕೈ ನನ್ನದು, ಸುಮ್ಮನಿರಲಿಲ್ಲ. ಅಬಿಡ್ಸಿನ ಭಾನುವಾರದ ಹಳೇ ಪುಸ್ತಕದ ಸಾಲಿನಲ್ಲಿ ಸರ್ಕ್ಯೂಟ್ ನಕ್ಷೆಗಳ ಪುಸ್ತಕವೂ, ಕೋಠಿಯ ಗುಜರಾತಿ ಗಲ್ಲಿಯಲ್ಲಿ ಕೆಪಾಸಿಟರೂ ಸಿಕ್ಕವು.

ಪ್ಲಗ್ ಕಿತ್ತ ಮೇಲೂ ಕಲರ್ ಟ್ಯೂಬಿನಲ್ಲಿ 20 ಸಾವಿರ ವೋಲ್ಟಿನ ವಿದ್ಯುತ್ತು ಅವಿತಿರಬಹುದು. ತಿಳಿಯದವರು ಹಿಂದಿನ ಮುಚ್ಚಳ ತೆಗೆಯಲೇಬಾರದು. ಹುಡುಗನನ್ನು ದೂರ ಕೂಡಿಸಿ ಅದನ್ನು ಇಳಿಸಿದ ಮೇಲೆಯೇ ಹತ್ತಿರ ಕರೆದೆ. ಹಳೆಯ ಕೆಪಾಸಿಟರು ಕಿತ್ತು, ನಕ್ಷೆಯಲ್ಲಿದ್ದಂತೆ ಹೊಸದನ್ನಿಟ್ಟು ಸೋಲ್ಡರಿಂಗ್ ಐರನ್ ಎತ್ತಿದೆ.

“ಅಜ್ಜಾ, ಹಳೇದರ ಪಟ್ಟಿ ಈ ಕಡೆ ಇತ್ತಲ್ಲ?”

“ಅಚ್ಚಾದದ್ದು ಸುಳ್ಳಾಗ್ತದೇನೋ? ಸುಮ್ಮನ ಕೂಡು!”

ಅವನ ಮುಖ ಬಾಡಿತು. ನನ್ನ ಕೈಯೂ ಏಕೋ ಮುಂದೆ ಹೋಗಲಿಲ್ಲ. ಆ ಪಟ್ಟಿ ಋಣದ ಗುರುತು. ಕನ್ನಡಕ ಏರಿಸಿಕೊಂಡು ತಾಮ್ರದ ಹಾದಿಯ ಮೇಲೆ ಬೆರಳಿಟ್ಟು ನಡೆದೆ. ಋಣದ ಕಾಲು ಸೇರಬೇಕಾದದ್ದು ಹುಡುಗ ತೋರಿಸಿದ ಕಡೆಗೇ! ನಕ್ಷೆಯಲ್ಲಿ ಗುರುತು ತಲೆಕೆಳಗಾಗಿ ಅಚ್ಚಾಗಿತ್ತು. ಹಾಗೆಯೇ ಬೆಸೆದಿದ್ದರೆ ಕೆಪಾಸಿಟರು ಕಾದು ಸಿಡಿಯುತ್ತಿತ್ತು, ಬಹುಶಃ ಅವನು ಬಗ್ಗಿ ನೋಡುವ ಹೊತ್ತಿಗೇ.

“ನಂದ ತಪ್ಪಪ್ಪಾ” ಎಂದೆ.

ಸಂಜೆ ಬಾತುಕೋಳಿಗಳು ಪಟಪಟನೆ ಬಿದ್ದವು. ಮನೆಯಾಕೆಯೂ ಮೂರು ಹೊಡೆದಳು. ಗುಜರಿಯವನ ಮಾತು ಮತ್ತೆ ಬರಲಿಲ್ಲ.

ಪುಸ್ತಕ ನಾಳೆ ಇನ್ನೊಬ್ಬರ ಕೈ ಸೇರೀತು. ಆ ಗುರುತಿನ ಪಕ್ಕದಲ್ಲಿ ಪೆನ್ಸಿಲಿನಿಂದ ಬರೆದಿಡಲು ಹುಡುಗನಿಗೇ ಹೇಳಿದೆ. ಶಾಲೆಯಲ್ಲಿ ತೆಲುಗು, ಇಂಗ್ಲಿಷು. ಕನ್ನಡ ಮನೆಯ ಪಾಠ. ತುಟಿ ಕಚ್ಚಿಕೊಂಡು ದಪ್ಪಗೆ ಬರೆದ: “ತಪು”.

ಒತ್ತು ಮರೆತಿದ್ದ. ಈ ಸಲ ಗದರಲಿಲ್ಲ. ಪೆನ್ಸಿಲು ಇಸಕೊಂಡು ಕೆಳಗೊಂದು ಒತ್ತು ಕೊಟ್ಟೆ.