ಐವತ್ತು ದಾಟಿದ ವಿದ್ಯಾರ್ಥಿ

ಸ್ವೀಡನ್ ದೇಶದ ಎರಿಕ್ಸನ್ ಸಂಸ್ಥೆಯು ತಾನೇ ಸಾಕಿ ಬೆಳೆಸಿದ ಎರ್ಲಾಂಗ್ ಎಂಬ ಗಣಕಭಾಷೆಯನ್ನು ಹೊಸ ಉತ್ಪನ್ನಗಳಲ್ಲಿ ಬಳಸಕೂಡದೆಂದು 1998ರಲ್ಲಿ ವಿಧಿಸಿತು. 1986ರಿಂದ ಸಂಗಡಿಗರೊಡನೆ ಅದನ್ನು ರೂಪಿಸಿದ್ದ ಜೋ ಆರ್ಮ್‌ಸ್ಟ್ರಾಂಗರು ಧೃತಿಗೆಡಲಿಲ್ಲ. ಐವತ್ತು ದಾಟಿದ ವಯಸ್ಸಿನಲ್ಲಿ, 2003ರಲ್ಲಿ, ಸ್ಟಾಕ್‌ಹೋಮಿನ ರಾಯಲ್ ತಂತ್ರಜ್ಞಾನ ಸಂಸ್ಥೆಗೆ ಡಾಕ್ಟರೇಟ್ ಪ್ರಬಂಧವನ್ನು ಒಪ್ಪಿಸಿದರು. ಮನುಷ್ಯನು ಬರೆದುದರಲ್ಲಿ ದೋಷವಿದ್ದೇ ಇರುತ್ತದೆ. ದೋಷವಿದ್ದೂ ವ್ಯವಸ್ಥೆ ನಿಲ್ಲದಂತೆ ಮಾಡುವುದೆಂತು? ಇದು ಅವರ ಜಿಜ್ಞಾಸೆ. ಏಕಕಾಲದಲ್ಲಿ ನಡೆಯುವ ಸಹಸ್ರಾರು ಕಾರ್ಯಗಳಲ್ಲಿ ಒಂದು ಮತ್ತೊಂದರ ಸ್ಮೃತಿಕೋಶವನ್ನು ಮುಟ್ಟಲಾಗದು, ಸಂದೇಶದ ಮೂಲಕವೇ ವ್ಯವಹರಿಸಬೇಕು. ಒಂದು ಕೆಟ್ಟರೆ ಕೂಡಲೇ ನಿಂತುಹೋಗಲಿ, ಕಾವಲಿನಲ್ಲಿರುವ ಇನ್ನೊಂದು ಅದನ್ನು ಹೊಸದಾಗಿ ಆರಂಭಿಸುವುದು. ಪಂಕ್ತಿಯಲ್ಲಿ ಒಬ್ಬನ ಎಲೆ ಹರಿದರೆ ಬಡಿಸುವವನು ಬೇರೆ ಎಲೆ ಹಾಕುತ್ತಾನೆ, ಉಳಿದವರ ಊಟ ಸಾಗಿಯೇ ಇರುತ್ತದೆಯಷ್ಟೆ! ನಿಷೇಧಕ್ಕೊಳಗಾದ ಆ ಭಾಷೆಯೇ ಮುಂದೆ ವಾಟ್ಸಾಪಿನ ಸಂದೇಶಗಳನ್ನು ಹೊತ್ತಿತು.